ಹಾಸನದಲ್ಲಿ ಮನೆ ಮಾರುವಾಗ: ಬೆಲೆ ಕಟ್ಟುವುದು, ಪತ್ರ ಹೊಂದಿಸುವುದು

ಎಲ್ಲರಿಗೂ ನಮಸ್ಕಾರ. ಮನೆ ಮಾರಬೇಕು ಅಂತ ಹೊರಟವರು ನಮ್ಮೂರಲ್ಲಿ ಮೊದಲು ಕೇಳುವುದು, ‘ಈಗ ಅಡಿಗೆ ಎಷ್ಟು ನಡೀತಿದೆ?’ ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕದಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರೊಂದೇ. ಆ ಅಂಕಿ ಏರಿತೆಂದು ವಿದ್ಯಾನಗರದ ಮನೆಗೆ ಬೆಲೆ ಏರಿಸಿ ಕೂತರೆ ಯಾರೂ ಬರುವುದಿಲ್ಲ. ಇಲ್ಲಿನ ಬೆಲೆಯನ್ನು ನಾವೇ ಕಟ್ಟಿಕೊಳ್ಳಬೇಕು.

ನಿವೇಶನದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. ಲೆಕ್ಕಕ್ಕೆಂದು 30×40 ನಿವೇಶನ ಹಿಡಿಯೋಣ, 1,200 ಚದರಡಿ. ಅಡಿಗೆ 3,500 ರೂಪಾಯಿ ಅಂದರೆ 42 ಲಕ್ಷ. ಮೇಲೆ 12 ಚದರದ ಮನೆ (ಒಂದು ಚದರ ಎಂದರೆ 100 ಚದರಡಿ). ಅಂಥದ್ದನ್ನು ಇವತ್ತು ಕಟ್ಟಲು ಚದರಕ್ಕೆ 1.8 ಲಕ್ಷವಾದರೆ 21.6 ಲಕ್ಷ. ಮನೆಗೆ 20 ವರ್ಷವಾಗಿದ್ದರೆ, ಆಯಸ್ಸು 60 ವರ್ಷ, ಕೊನೆಗುಳಿಯುವ ಬೆಲೆ ಶೇ 10 ಎಂಬ ವಾಡಿಕೆಯ ಲೆಕ್ಕದಲ್ಲಿ ಶೇ 30 ಸವಕಳಿ ಕಳೆಯಬೇಕು. ಉಳಿಯುವುದು 15 ಲಕ್ಷ, ಒಟ್ಟು 57 ಲಕ್ಷ. ತೇಗದ ಬಾಗಿಲು, ಗ್ರಾನೈಟ್ ನೆಲಕ್ಕೆ ಹಾಕಿದ ದುಡ್ಡು ಪೂರ್ತಿ ವಾಪಸು ಬರುವುದಿಲ್ಲ. ಅಗಲವಾದ ರಸ್ತೆ, ಪೂರ್ವದ ಬಾಗಿಲು ಇದ್ದರೆ ಜನ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ.

ಅಡಿ ದರ ತಿಳಿಯಲು ಪಕ್ಕದ ಮನೆಯ ಕ್ರಯಪತ್ರ ನೋಡಬಹುದು. ಆದರೆ ನಗದು ವ್ಯವಹಾರವಾಗಿದ್ದರೆ ಪತ್ರದಲ್ಲಿರುವುದು ಬಹುಪಾಲು ಮಾರ್ಗಸೂಚಿ ಬೆಲೆಯೇ, ಅಂದರೆ ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ. ಬ್ಯಾಂಕ್ ಸಾಲದಲ್ಲಿ ಕೊಂಡವರ ಪತ್ರ ನಿಜಕ್ಕೆ ಹತ್ತಿರ. ಸಾಲ ಹೆಚ್ಚು ಸಿಗಲೆಂದು ಅವರು ಪೂರ್ತಿ ಮೊತ್ತ ಬರೆಸುತ್ತಾರೆ. ಬ್ಯಾಂಕ್ ಹರಾಜು ಪ್ರಕಟಣೆಯ ಮೀಸಲು ಬೆಲೆಯನ್ನೂ ಗಮನಿಸಿ, ಅದು ಸಾಮಾನ್ಯವಾಗಿ ಕೆಳಮಟ್ಟದ್ದು. ಇನ್ನು ಕಾಲ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಅಡ್ವಾನ್ಸ್ ಕೊಡುವವರು ಅಪರೂಪ. ಸಕಲೇಶಪುರ, ಆಲೂರು ಕಡೆಯವರ ಕೈಗೆ ಕಾಫಿ ಹಣ ಬರುವುದು ಕುಯ್ಲು ಮುಗಿದ ಮೇಲೆ. ಹಾಗಾಗಿ ಯುಗಾದಿಯಿಂದ ಆಷಾಢದವರೆಗಿನ ತಿಂಗಳುಗಳು ಮಾರುವವರಿಗೆ ಒಳ್ಳೆಯವು.

ಒಪ್ಪಿದ ಬೆಲೆ ಕುಸಿಯುವುದು ಮಾತ್ರ ಮಾರುಕಟ್ಟೆಯಿಂದಲ್ಲ, ಪತ್ರಗಳಿಂದ. ಮೊದಲು ಇ.ಸಿ., ಅಂದರೆ ಆಸ್ತಿಯ ಮೇಲಿನ ವ್ಯವಹಾರ, ಸಾಲಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಬ್ಯಾಂಕಿನ ವಕೀಲರು 30 ವರ್ಷದ್ದು ಕೇಳಿದರೆ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಅರ್ಜಿ ಹಾಕಬೇಕು. ಬಂದ ಮೇಲೆ ಸಾಲುಸಾಲಾಗಿ ಓದಿ. ಎಂದೋ ತೀರಿಸಿದ ಗೃಹಸಾಲದ ಅಡಮಾನ ಅಲ್ಲಿ ಹಾಗೇ ಕೂತಿರುತ್ತದೆ. ಬ್ಯಾಂಕ್ ಕೊಟ್ಟ ‘ಬಾಕಿ ಇಲ್ಲ’ ಪತ್ರ ಬೀರುವಿನಲ್ಲಿದ್ದರೆ ಆ ಸಾಲು ಅಳಿಯುವುದಿಲ್ಲ. ಬಿಡುಗಡೆ ಪತ್ರ ನೋಂದಣಿಯಾಗಬೇಕು.

ಆಮೇಲೆ ಇ-ಖಾತೆ, ಅಂದರೆ ಸ್ಥಳೀಯ ಸಂಸ್ಥೆ ಆನ್‌ಲೈನಿನಲ್ಲಿ ಕೊಡುವ ಆಸ್ತಿ ಖಾತೆ. ಅದಿಲ್ಲದೆ ನೋಂದಣಿಯಿಲ್ಲ. ಕ್ರಯಪತ್ರ, ಇ-ಖಾತೆ, ಆಧಾರ್ ಮೂರನ್ನೂ ಒಟ್ಟಿಗೆ ಹರಡಿ ಇನಿಷಿಯಲ್, ಅಳತೆ, ಚಕ್ಕುಬಂದಿ ಹೋಲಿಸಿ. ತಿದ್ದುಪಡಿಗೆ ವಾರಗಳು ಹಿಡಿಯುತ್ತವೆ. ಅಡ್ವಾನ್ಸ್ ಪಡೆದ ಮೇಲೆ ಓಡಾಡಿದರೆ ಕರಾರಿನ ಗಡುವು ಮೀರುತ್ತದೆ, ಕೊಳ್ಳುವವರು ಚೌಕಾಸಿಗೆ ಇಳಿಯುತ್ತಾರೆ.

ತಂದೆಯಿಂದ ಬಂದ ಮನೆಯಾದರೆ ವಂಶವೃಕ್ಷ ಬೇಕು, ಅಕ್ಕತಂಗಿಯರ ಸಹಿಯೂ ಬೇಕು. ಮದುವೆಯಲ್ಲೇ ಕೊಟ್ಟಾಯಿತು ಎಂಬ ಮಾತು ನಿಲ್ಲುವುದಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೊಟ್ಟ ಸಮಪಾಲು, ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಸಿಗುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆ ತಂದೆಯ ಸ್ವಯಾರ್ಜಿತವಾಗಿದ್ದು, ಉಯಿಲು ಇಲ್ಲದಿದ್ದರೆ ಆಗಲೂ ಹೆಣ್ಣುಮಕ್ಕಳು ವಾರಸುದಾರರೇ.

ಕೊಳ್ಳುವವರ ಖರ್ಚನ್ನೂ ಲೆಕ್ಕ ಹಾಕಿ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎಂದರೆ 57 ಲಕ್ಷದ ಮನೆಗೆ 4.33 ಲಕ್ಷ. ಅವರು ಚೌಕಾಸಿ ಮಾಡುವುದು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿ.ಡಿ.ಎಸ್. (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಹಿಡಿದೇ ಉಳಿದದ್ದನ್ನು ಕೊಡುತ್ತಾರೆ. 20,000 ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಬೇಡಿ, ದಂಡ ಪಡೆದಷ್ಟೇ ಬೀಳಬಹುದು.

ಎರಡು ವರ್ಷ ಮೀರಿದ ಮನೆಯ ಲಾಭಕ್ಕೆ ತೆರಿಗೆ ಶೇ 12.5. 2024ರ ಜುಲೈ 23ಕ್ಕೆ ಮುಂಚೆ ಕೊಂಡದ್ದಾದರೆ ಹಣದುಬ್ಬರ ಸೂಚ್ಯಂಕ ಹಿಡಿದು ಶೇ 20ರ ಲೆಕ್ಕವನ್ನೂ ಹಾಕಿ, ಕಡಿಮೆ ಬಂದದ್ದನ್ನು ಕಟ್ಟಬಹುದು. ಮನೆ ಕಟ್ಟಿದಾಗಿನ ಬಿಲ್ಲುಗಳು ಈಗ ಬೇಕಾಗುತ್ತವೆ. ಇನ್ನು, ಚೆಸ್ಕಾಂ ಆರ್.ಆರ್. ನಂಬರನ್ನು (ವಿದ್ಯುತ್ ಸಂಪರ್ಕದ ಸಂಖ್ಯೆ) ಕೊಂಡವರ ಹೆಸರಿಗೆ ಬದಲಿಸಲು ನೋಂದಣಿಯ ದಿನವೇ ಅರ್ಜಿಗೆ ಸಹಿ ಹಾಕಿಕೊಡಿ. ಬಿಟ್ಟರೆ ಅವರ ಬಾಕಿ ಬಿಲ್ಲಿಗೂ ನಿಮ್ಮದೇ ಹೆಸರು.