ಗದ್ಯಾಂಶದ ಗುಟ್ಟು ಕ್ರಿಯಾಪದದ ತುದಿಯಲ್ಲಿದೆ

ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯ ಮೇಷ್ಟ್ರು, ಟೀಚರುಗಳಿಗೆ, ಸಂಜೆ ಮಕ್ಕಳನ್ನು ಓದಿಸಲು ಕೂರುವ ಅಪ್ಪ ಅಮ್ಮಂದಿರಿಗೆ ಇವತ್ತಿನ ಮಾತು.

ಅಪಠಿತ ಗದ್ಯಾಂಶ, ಅಂದರೆ ಮಕ್ಕಳು ಮೊದಲು ಓದಿರದ ಗದ್ಯದ ತುಣುಕು ಕೊಟ್ಟಾಗ ‘ಆದ್ದರಿಂದ, ಏಕೆಂದರೆ, ಆದರೆ, ನಂತರ’ ಹುಡುಕಿ ಗೆರೆ ಎಳೆಯಿರಿ ಅನ್ನುತ್ತೇವೆ. ಅಷ್ಟಕ್ಕೇ ನಿಲ್ಲಿಸಿದರೆ ಮಕ್ಕಳಿಗೆ ಅನ್ಯಾಯ. ಕನ್ನಡದಲ್ಲಿ ಈ ಸಂಬಂಧಗಳು ಬಹಳ ಸಲ ಬಿಡಿ ಪದವಾಗಿ ಬರುವುದೇ ಇಲ್ಲ, ಕ್ರಿಯಾಪದದ ತುದಿಗೆ ಅಂಟಿಕೊಂಡಿರುತ್ತವೆ.

ಈ ಮೂರು ವಾಕ್ಯ ಕೇಳಿ. ‘ರಾತ್ರಿ ಮಳೆ ಬಿದ್ದಿದ್ದರಿಂದ ಕಣದಲ್ಲಿದ್ದ ಕಾಫಿ ನೆನೆಯಿತು. ಟಾರ್ಪಾಲು ಹೊದಿಸಿದ್ದರೂ ಅಡಿಯಿಂದ ನೀರು ನುಗ್ಗಿತು. ಮೋಡ ಕಂಡ ಕೂಡಲೇ ರಾಶಿ ಮಾಡಿದ್ದರೆ ಉಳಿಯುತ್ತಿತ್ತು.’ ‘ಇದ್ದರಿಂದ’ ಕಾರಣ ಹೇಳುತ್ತದೆ. ‘ಇದ್ದರೂ’ ಅಂದರೆ ಮಾಡಿಯೂ ಫಲ ಸಿಗಲಿಲ್ಲ. ‘ಇದ್ದರೆ’ ಅಂದರೆ ರಾಶಿ ಮಾಡಲೇ ಇಲ್ಲ. ‘ದ್ದರೂ’ವನ್ನು ‘ದ್ದರೆ’ ಅಂತ ಓದಿದ ಮಗು, ‘ಟಾರ್ಪಾಲು ಹೊದಿಸಿರಲಿಲ್ಲ, ಅದಕ್ಕೇ ನೆನೆಯಿತು’ ಅಂತ ಬರೆಯುತ್ತದೆ. ಒಂದು ಸ್ವರ ತಪ್ಪಿತು, ಉತ್ತರವೇ ತಿರುಗಿಬಿತ್ತು. ಅದಕ್ಕೇ ಮೊದಲ ಸಲ ಸುಮ್ಮನೆ ಓದಿಸಿ, ಎರಡನೇ ಸಲ ಪೆನ್ಸಿಲ್ ಕೊಟ್ಟು ಈ ತುದಿಗಳಿಗೆ ಮಾತ್ರ ಸುತ್ತು ಹಾಕಿಸಿ.

ಕ್ರಮವೂ ಹೀಗೆಯೇ. ‘ಹಣ್ಣು ಕೊಯ್ದು, ಪಲ್ಪರ್‌ಗೆ ಹಾಕಿ, ತೊಳೆದು, ಒಣಗಿಸುತ್ತಾರೆ’ (ಪಲ್ಪರ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಅನ್ನುವಲ್ಲಿ ‘ಮೊದಲು’ ಇಲ್ಲ, ‘ನಂತರ’ ಇಲ್ಲ. ಆದರೂ ನಾಲ್ಕು ಹಂತ ಸಾಲಾಗಿ ನಿಂತಿವೆ.

ಇಸವಿ ಕಂಡ ತಕ್ಷಣ ಕಾಲಾನುಕ್ರಮ ಅಂದುಬಿಡುವುದು ಇನ್ನೊಂದು ಎಡವಟ್ಟು. ಬೇಲೂರಿನ ದೇವಾಲಯದ ಬಗ್ಗೆ ಒಂದು ಪ್ಯಾರಾ ಇದೆ ಅನ್ನಿ. 1117 ಒಂದೇ ಸಲ ಬರುತ್ತದೆ. ಆಮೇಲೆಲ್ಲ ಗೋಡೆಯ ಕೆಳಗಿನ ಆನೆಸಾಲಿನಿಂದ ಹಿಡಿದು ಮೇಲಿನ ಶಿಲ್ಪಗಳವರೆಗೆ ಹೇಳುತ್ತಾ ಹೋಗುತ್ತದೆ. ಅದು ವರ್ಣನೆ. ಕಣ್ಣು ಕೆಳಗಿಂದ ಮೇಲಕ್ಕೆ ಹೋಗುತ್ತಿದೆ, ಕಾಲ ನಿಂತಲ್ಲೇ ನಿಂತಿದೆ.

ಇನ್ನು ಪಾತ್ರದ ಗುಣ. ‘ಅವಳು ಒಳ್ಳೆಯವಳು’ ಅನ್ನುವ ಉತ್ತರವನ್ನು ದಯವಿಟ್ಟು ಒಪ್ಪಬೇಡಿ, ಅದು ಯಾರಿಗೆ ಬೇಕಾದರೂ ಹೊಂದುತ್ತದೆ. ಅದಕ್ಕಿಂತ ದೊಡ್ಡ ತೊಡಕು, ಆ ಹೊತ್ತಿನ ಭಾವವನ್ನೇ ಗುಣ ಅಂದುಕೊಳ್ಳುವುದು. ಕಾಫಿ ತೂಕದ ಹೊತ್ತಿನ ದೃಶ್ಯ ನೋಡಿ. ಆಳುಗಳು ಕೊಯ್ದ ಹಣ್ಣಿನ ತೂಕ ಬರೆದುಕೊಳ್ಳುವ ತೋಟದ ಗುಮಾಸ್ತರೇ ರೈಟ್ರು, ಆ ತೂಕದ ಮೇಲೆ ಕೂಲಿ. ‘ರೈಟ್ರು ಮೂವತ್ತು ಕೆಜಿ ಅಂತ ಬರೆದರು. ಗಿರಿಜಮ್ಮ ಸೆರಗು ಹಿಂಡುತ್ತಾ, “ರೈಟ್ರೇ, ನಂದು ಇಪ್ಪತ್ತೆಂಟೇ ಇದ್ದಿದ್ದು” ಅಂದಳು. ದನಿ ನಡುಗುತ್ತಿತ್ತು.’ ಅರ್ಧಕ್ಕರ್ಧ ಮಕ್ಕಳು ‘ಗಿರಿಜಮ್ಮ ಪುಕ್ಕಲಿ’ ಅಂತ ಬರೆದಾರು. ನಡುಗಿದ ದನಿ, ಹಿಂಡಿದ ಸೆರಗು ಆ ಗಳಿಗೆಯ ಅಂಜಿಕೆ. ತನಗೇ ನಷ್ಟವಾಗುವ ಲೆಕ್ಕವನ್ನು ಅಂಜಿಕೊಂಡೇ ತಿದ್ದಿಸಿದಳಲ್ಲ, ಗುಣ ಇರುವುದು ಅಲ್ಲಿ.

ಗುರುತಿಸಲು ಮಗುವಿಗೆ ಕೇಳಬೇಕಾದ್ದು ಇಷ್ಟು: ಏನು ಮಾಡಿದಳು, ಏನು ಅಂದಳು, ಬೇರೆಯವರು ಅವಳನ್ನು ಹೇಗೆ ಮಾತಾಡಿಸುತ್ತಾರೆ? ಬಹುವಚನದಲ್ಲಿ ಮಾತಾಡುತ್ತಿದ್ದವನು ನಡುವೆ ಏಕವಚನಕ್ಕೆ ಇಳಿದರೆ ಅಲ್ಲೂ ಸುತ್ತು ಹಾಕಿಸಿ. ಒಂದೇ ಘಟನೆಯಿಂದ ‘ಯಾವಾಗಲೂ ಪ್ರಾಮಾಣಿಕಳು’ ಅನ್ನಲಾಗದು. ‘ಯಾವಾಗಲೂ’ ಬೇಕಾದರೆ ಗದ್ಯದಲ್ಲಿ ಇನ್ನೊಂದು ಸಾಕ್ಷಿ ಸಿಗಬೇಕು. ಇಲ್ಲದಿದ್ದರೆ ಉತ್ತರ ಹೀಗಿರಲಿ: ‘ಈ ಸಂದರ್ಭದಲ್ಲಿ ಗಿರಿಜಮ್ಮ ಪ್ರಾಮಾಣಿಕಳಾಗಿ ನಡೆದುಕೊಂಡಳು. ಹೆಚ್ಚಾಗಿ ಬರೆದ ಎರಡು ಕೆಜಿಯನ್ನು ತಾನೇ ಹೇಳಿ ತಿದ್ದಿಸಿದಳು.’