ನಾವೆಯ ಬಾಗಿಲು ಹಾಕಿದವರು ಯಾರು?

ಎಲ್ಲರಿಗೂ ನಮಸ್ಕಾರ.

ವಿಜ್ಞಾನ ಕಥಾ ಚಿತ್ರಗಳಲ್ಲಿ ಬೈಬಲ್ ಅಂತ ಆಮಂತ್ರಣ ಪತ್ರಿಕೆಯಲ್ಲಿ ಹಾಕಿದ್ದಾರೆ. ನಮ್ಮ ಓಣಿಯವರೊಬ್ಬರು ಓದಿ, "ಸರ, ರಾಕೆಟ್ಟಿಗೂ ಯೇಸುಗೂ ಏನ್ ಸಂಬಂಧರೀ?" ಅಂದರು. ಸಂಬಂಧ ಹಚ್ಚೋದು ಬಹಳ ಸಲೀಸು, ಅದೇ ನನ್ನ ತಕರಾರು. 1999ರ 'ದಿ ಮ್ಯಾಟ್ರಿಕ್ಸ್' ನೋಡಿರಿ. ನಾಯಕಿ ಟ್ರಿನಿಟಿ, ಅಂದರೆ ಕ್ರೈಸ್ತರ ತ್ರಯೇಕ ದೇವರು; ಊರು ಜಿಯಾನ್, ಅಂದರೆ ಬೈಬಲ್ಲಿನ ಯೆರೂಸಲೇಮ್; ಹಡಗಿಗೆ ಬಾಬಿಲೋನಿನ ರಾಜ ನೆಬೂಕದ್ನೆಚ್ಚರನ ಹೆಸರು. ಹಡಗಿನೊಳಗೆ ಒಂದು ಲೋಹದ ಫಲಕ, ಅದರ ಮೇಲೆ 'ಮಾರ್ಕ್ 3, ನಂ. 11'. ಮಾರ್ಕನ ಸುವಾರ್ತೆಯಲ್ಲಿ ಆ ವಚನ ತೆಗೆದರೆ "ನೀನು ದೇವಕುಮಾರನು" ಅನ್ನೋ ಕೂಗು ಸಿಗುತ್ತದೆ. ಇಷ್ಟಕ್ಕೇ ಚಪ್ಪಾಳೆ ಬೀಳುತ್ತದೆ. ಕೂಗಿದವರು ಯಾರು ಅಂತ ಯಾರೂ ನೋಡೋದಿಲ್ಲ. ದೆವ್ವಗಳು! ಶಿಷ್ಯರಲ್ಲ.

ಹೆಸರಿಗೆ ಹೆಸರು ಹೊಂದಿಸಿ ಕೂತರೆ ಪಂಚಾಂಗ ಆದೀತು, ವಿಮರ್ಶೆ ಆಗೋದಿಲ್ಲ. ಕೇಳಬೇಕಾದದ್ದು ಬೇರೆ: ಹಳೇ ಕಥೆ ಹೊರಗೇ ಬಿಟ್ಟವರನ್ನು ಹೊಸ ಚಿತ್ರ ಏನು ಮಾಡಿತು?

ಬಾಗಲಕೋಟೆಯಲ್ಲಿ ನಿಂತು ಜಲಪ್ರಳಯದ ಮಾತಾಡೋದಕ್ಕೆ ಅಂಜಿಕೆ ಆಗುತ್ತದೆ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ, ನೋಹ ನಾವೆ ಕಟ್ಟಿ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸಿದ ಕಥೆಯಲ್ಲಿ, ನೀರು ಬೆಟ್ಟಗಳನ್ನು ಮುಚ್ಚಿ 15 ಮೊಳ ಏರಿತು. ನಮ್ಮಲ್ಲಿ ಮೊಳದ ಲೆಕ್ಕ ಬೇಕಿಲ್ಲ, ನಮ್ಮ ಊರಿಗೆ ಮುಳುಗಡೆ ತಂದ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್, ಮುಂದೆ 524.256 ಅಂದರೆ ಶಾಲೆಯ ಹುಡುಗರೂ ತಿರುಗಿ ನೋಡುತ್ತಾರೆ.

ನಮ್ಮ ಸೋದರತ್ತೆಯ ಮನೆ ಹಳೇ ಊರಲ್ಲಿ ಮುಳುಗಡೆಗೆ ಬಂತು. ಪಾತ್ರೆ ಪಗಡೆ ಹೇರೋ ಮೊದಲೇ ಆಕೆ ತೇಗದ ಬಾಗಿಲನ್ನು ಚೌಕಟ್ಟು ಸಮೇತ ಕೀಳಿಸಿ ಟ್ರ್ಯಾಕ್ಟರಿಗೆ ಹಾಕಿಸಿದಳು. ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಹೊಸ ಮನೆಗೆ ಅದು ಕೂಡಲಿಲ್ಲ. "ಅರ್ಧ ಫೂಟು ಕೊಯ್ಯೋಣರಿ" ಅಂದ ಬಡಿಗೇರ. "ಬಾಗಲಾ ಯಾಕ ಕೊಯ್ತಿಯೋ, ಗ್ವಾಡಿ ಒಡಿ" ಅಂದಳು. ಗವಂಡಿಗೂ ಬಡಿಗೇರನಿಗೂ ಒಂದು ವಾರ ಜಗಳ. ಕಡೆಗೆ ಗೋಡೆನೇ ಒಡೆದರು! ಆ ಬಾಗಿಲು ಇವತ್ತಿಗೂ ಮಳೆಗಾಲದಲ್ಲಿ ಉಬ್ಬಿ ಹಾಕೋದಕ್ಕೆ ಬರೋದಿಲ್ಲ, ಅದು ಬೇರೆ ಮಾತು.

ಆ ಅತ್ತೆಯ ಪಕ್ಕ ಕೂತು ನಾನು ಟಿವಿಯಲ್ಲಿ '2012' ನೋಡಿದೆ. 2009ರ ಚಿತ್ರ, ಬಹುಮಟ್ಟಿಗೆ ಗದ್ದಲ. ಜಗತ್ತು ಮುಳುಗುತ್ತದೆ, ಚೀನಾದ ಬೆಟ್ಟಗಳಲ್ಲಿ ಗುಟ್ಟಾಗಿ ನಾವೆಗಳನ್ನು ಕಟ್ಟಿರುತ್ತಾರೆ, ಶ್ರೀಮಂತರಿಗೆ ತಲೆಗೆ 100 ಕೋಟಿ ಯೂರೋ ಟಿಕೆಟ್. ಅತ್ತೆ ಕೇಳಿದ್ದು ಒಂದೇ: "ಹಡಗ ಕಟ್ಟಿದ ಮಂದಿಗೆ ಜಾಗಾ ಕೊಟ್ಟಾರೇನು?" ಕೊಟ್ಟಿಲ್ಲ. ಕಟ್ಟಿದವರಲ್ಲೇ ಒಬ್ಬ ತನ್ನ ಮನೆಯವರನ್ನು ಕದ್ದು ಒಳಗೆ ಸೇರಿಸಬೇಕಾಗುತ್ತದೆ.

ಆಮೇಲೆ ಆದಿಕಾಂಡ ಮತ್ತೆ ತೆಗೆದೆ. ನಾವೆಯ ಅಳತೆ ಇದೆ, 300 ಮೊಳ ಉದ್ದ, 50 ಅಗಲ, 30 ಎತ್ತರ. ನೆರೆಹೊರೆಯವರಿಗೆ ನೋಹ ಒಂದು ಮಾತು ಹೇಳಿದ್ದು ಅಲ್ಲಿ ಇಲ್ಲ. ಇಳಿದ ಮೇಲೆ ಆತ ಮೊದಲು ಬಾಯಿ ಬಿಟ್ಟದ್ದು ಮೊಮ್ಮಗನಿಗೆ ಶಾಪ ಹಾಕೋದಕ್ಕೆ! ಕುರಾನಿನ ನೂಹ್ ಹಾಗಲ್ಲ. ಮಗನನ್ನು ಕರೆಯುತ್ತಾನೆ, ಮಗ ಬೆಟ್ಟ ಹತ್ತುತ್ತೇನೆ ಅಂತಾನೆ, ಅಲೆ ನಡುವೆ ಬರುತ್ತದೆ. ಆದಿಕಾಂಡದಲ್ಲಿ ಬಾಗಿಲು ಹಾಕಿದವನು ಸ್ವತಃ ದೇವರು. '2012'ರ ಕಡೆಯಲ್ಲಿ ಒಳಗಿನ ಮನುಷ್ಯರು ಜಗಳಾಡಿ ಬಾಗಿಲು ತೆಗೆಸುತ್ತಾರೆ. ಸಾಧಾರಣ ಚಿತ್ರ, ಆದರೆ ಆ ಒಂದು ಗಳಿಗೆಯಲ್ಲಿ ಅದು ಮೂಲಕ್ಕೆ ಎದುರು ಮಾತಾಡುತ್ತದೆ.

ಜರ್ಮನ್ ಚಿತ್ರಗಳ ನಿರ್ದೇಶಕ ಫ್ರಿಟ್ಜ್ ಲಾಂಗ್ 1927ರಲ್ಲೇ ಇದಕ್ಕಿಂತ ಚೆನ್ನಾಗಿ ಮಾತಾಡಿದ್ದ. 'ಮೆಟ್ರೊಪೊಲಿಸ್'ನಲ್ಲಿ ಮರಿಯಾ ಕೂಲಿಕಾರರಿಗೆ ಬಾಬೆಲ್ ಗೋಪುರದ ಕಥೆ ಹೇಳುತ್ತಾಳೆ. ಮೂಲದಲ್ಲಿ ಒಂದೇ ಜನ, ಒಂದೇ ಭಾಷೆ, ಆಕಾಶ ಮುಟ್ಟೋ ಗೋಪುರ ಕಟ್ಟುತ್ತಾರೆ, ದೇವರು ಇಳಿದು ಭಾಷೆ ಕಲೆಸುತ್ತಾನೆ. ಮರಿಯಾ ಹೇಳೋ ಕಥೆಯಲ್ಲಿ ಯೋಜನೆ ಹಾಕಿದವರು ಬೇರೆ, ಕಲ್ಲು ಎಳೆದವರು ಬೇರೆ. ಭಾಷೆ ಒಂದೇ ಇದ್ದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯೋದಿಲ್ಲ. ಗೋಪುರ ಬೀಳಿಸೋದಕ್ಕೆ ಅಲ್ಲಿ ದೇವರೇ ಬೇಕಾಗಲಿಲ್ಲ. ಮುಂದೆ ನೆಲದಡಿಯ ಕೂಲಿಕಾರರ ಊರಿಗೆ ನೀರು ನುಗ್ಗುತ್ತದೆ. ಮಕ್ಕಳ ತಂದೆ ತಾಯಿಯರೆಲ್ಲ ಮೇಲೆ ಯಂತ್ರ ಒಡೆಯೋದರಲ್ಲಿದ್ದಾರೆ. ಮರಿಯಾ ಚೌಕದ ಜಾಗಟೆ ಬಾರಿಸುತ್ತಾಳೆ, ಮಕ್ಕಳು ಓಣಿ ಓಣಿಯಿಂದ ನೀರಲ್ಲಿ ಓಡಿ ಬಂದು ಕಟ್ಟೆಯ ಮೇಲೆ ಆಕೆಯನ್ನು ಮುತ್ತುತ್ತಾರೆ, ಎಲ್ಲ ಕೈಗಳೂ ಮೇಲೆ. ಮಾತಿಲ್ಲದ ಚಿತ್ರ, ಆದರೂ ಆ ಸದ್ದು ಕಿವಿಗೆ ಬಡಿಯುತ್ತದೆ. ನಾವೆಗೆ ಹತ್ತದವರ ಪ್ರಳಯ ಅದು!

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತೆ, ಇಲ್ಲಿ ಇನ್ನೂ ನಾಲ್ಕು ಚಿತ್ರ ಅದಾವ. 1951ರ 'ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್' ಒಂದೇ ಮಾತಿನಲ್ಲಿ: ಅನ್ಯಲೋಕದವನು ಯಾರದೋ ಬಟ್ಟೆ ಹಾಕಿಕೊಂಡು ಕಾರ್ಪೆಂಟರ್ (ಯೇಸುವೂ ಬಡಿಗೇರನೇ) ಅನ್ನೋ ಹೆಸರಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾನೆ, ಸತ್ತು ಏಳುತ್ತಾನೆ, ಮೇಲೆ ಹೋಗುತ್ತಾನೆ. ಹೋಗುವಾಗ ಹಾಕೋದು ಬೆದರಿಕೆ, ಕ್ಷಮೆಯ ಮಾತಿಲ್ಲ. 'ಬ್ಲೇಡ್ ರನ್ನರ್' ಬಿಟ್ಟೆ, ಬೈಯಬೇಡಿ. 'ಇಂಟರ್‌ಸ್ಟೆಲ್ಲರ್'ನಲ್ಲಿ ಹೆಸರು ಬರೋ ಲಾಜರ, ಯೇಸು ಸಾವಿನಿಂದ ಎಬ್ಬಿಸಿದವನು, ಅವನೂ ಇವತ್ತು ಏಳೋದಿಲ್ಲ.

2008ರ 'ವಾಲ್-ಈ' ಮಾತ್ರ ಬಿಡಲಾರೆ. ಕಸ ತುಂಬಿದ ಭೂಮಿ ಬಿಟ್ಟು ಆಕಾಶದ ನಾವೆಯಲ್ಲಿ 700 ವರ್ಷ. ಈವ್ ಅನ್ನೋ ಯಂತ್ರ, ನೀರು ಇಳಿದ ಗುರುತಿಗೆ ನೋಹನ ಪಾರಿವಾಳ ಎಲೆ ತಂದ ಹಾಗೆ, ಹಸಿರು ಸಸಿ ತರುತ್ತದೆ. ಆ ಸಸಿಯನ್ನು ಮುಚ್ಚಿಡೋದು ಹಡಗು ನಡೆಸೋ ಯಂತ್ರವೇ, ಹಿಂದಿರುಗಬೇಡಿ ಅಂತ ಅದಕ್ಕೆ ಹಳೇ ಹುಕುಂ ಇದೆ. ನನಗೆ ಬಹಳ ಸೇರಿದ ಚಿತ್ರ. ಆದರೆ ಹತ್ತಿದ ಮಂದಿಯ ಮೊಮ್ಮಕ್ಕಳೇ ತೆರೆಯ ತುಂಬ. ಹತ್ತೋದಕ್ಕೆ ಆಗದವರು ಏನಾದರು ಅಂತ ಒಂದು ಸಾಲೂ ಇಲ್ಲ. ಅದು ನನಗೆ ಸರಿ ಬರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬೇರೆ ಕಂಡಿದ್ದರೆ ಹೇಳ್ರಿ, ವಾದ ಮಾಡೋದಕ್ಕೆ ನಾನು ತಯಾರ್ ಇದ್ದೇನೆ.