ನಾಲ್ಕೂವರೆ ಎಕರೆಯ ಮಣ್ಣು

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಇದೆ. ಈ ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಬಾಟಲಿ ಇವೆ. ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿದ್ದೇನೆ. ಒಂದರಲ್ಲಿ ನಮ್ಮ ಮನೆ ಹಿಂದಿನ ಬೆಟ್ಟದ ಮಣ್ಣು, ಜಂಬಿಟ್ಟಿಗೆ ಚೂರೇ ಜಾಸ್ತಿ. ಇನ್ನೊಂದರಲ್ಲಿ ಧಾರವಾಡದ ಕಡೆಯಿಂದ ಗೆಳೆಯರೊಬ್ಬರು ತಂದುಕೊಟ್ಟ ಎರೆಮಣ್ಣು. ಎರಡಕ್ಕೂ ಒಂದೊಂದು ಚೊಂಬು ನೀರು ಹಾಕುತ್ತೇನೆ. ಕೆಳಗೆ ಒಂದೊಂದು ಲೋಟ. ಹಾಗೇ ಇರಲಿ, ಆಮೇಲೆ ನೋಡೋಣ.

ಶಿರಸಿಯಲ್ಲಿ ವೈನ್ ಬಗ್ಗೆ ಉಪನ್ಯಾಸವಾ ಅಂತ ಮನೆಯಲ್ಲೇ ನಗಾಡಿದರು. ಕುಡಿಯಿರಿ ಅಂತ ಹೇಳುವುದಕ್ಕೆ ನಾನು ಬಂದಿಲ್ಲ. ಆದರೆ ದ್ರಾಕ್ಷಿ ತೋಟಕ್ಕೂ ನಮಗೂ ಹಳೆಯ ನಂಟಿದೆ. ಮಳೆಗಾಲದಲ್ಲಿ ಮರ ಹತ್ತುವ ಕೊನೆಗೌಡರು ಅಡಿಕೆ ಕೊನೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಮದ್ದಿಗೆ ಬೋರ್ಡೋ ಅನ್ನುತ್ತೇವಲ್ಲ, ಅದು ಫ್ರಾನ್ಸಿನ ವೈನ್ ಸೀಮೆಯ ಹೆಸರು. ಅಲ್ಲಿನ ಮೆಡಾಕ್ ಕಡೆಯ ತೋಟದವರು ದಾರಿಹೋಕರು ಹಣ್ಣು ಕೀಳಬಾರದು ಅಂತ ರಸ್ತೆ ಬದಿಯ ಬಳ್ಳಿಗೆ ಈ ನೀಲಿ ಗಂಜಿ ಎರಚುತ್ತಿದ್ದರು. ಎರಚಿದ ಸಾಲಿಗೆ ಬೂಜು ರೋಗ ಬಂದಿಲ್ಲ ಅನ್ನುವುದನ್ನು 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದರು. ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. 1910ರ ಸುಮಾರಿಗೆ ಲೆಸ್ಲಿ ಕೋಲ್ಮನ್ ಎಂಬ ಕೃಷಿ ವಿಜ್ಞಾನಿ ಅದನ್ನೇ ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿ ನೋಡಿದರು. ಹಣ್ಣು ಕದಿಯುವವರನ್ನು ಹೆದರಿಸಲು ಮಾಡಿದ ಮದ್ದು ಇವತ್ತು ನಮ್ಮ ಕೊನೆ ಕಾಯುತ್ತಿದೆ.

ಈಗ ಒಂದೇ ಒಂದು ತೋಟದ ಕಥೆ. ಫ್ರಾನ್ಸಿನ ಬರ್ಗಂಡಿಯಲ್ಲಿ ವೋನ್-ರೊಮಾನೆ ಅಂತ ಒಂದು ಸಣ್ಣ ಹಳ್ಳಿ. ಅಲ್ಲಿ ರೊಮಾನೆ-ಕೊಂಟಿ ಎಂಬ ತೋಟ. ವಿಸ್ತೀರ್ಣ 1.81 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆಗೆ ಒಂದು ಗುಂಟೆ ಕಡಿಮೆ. ಇಲ್ಲಿ ಕೂತಿರುವ ಎಷ್ಟೋ ಜನರ ತೋಟ ಅದಕ್ಕಿಂತ ದೊಡ್ಡದು, ಅಲ್ವಾ? ವರ್ಷಕ್ಕೆ ಐದಾರು ಸಾವಿರ ಬಾಟಲಿ ಕೆಂಪು ವೈನ್, ಅಷ್ಟೇ. ಪ್ರಪಂಚದಲ್ಲಿ ಅತಿ ದುಬಾರಿ ವೈನ್‌ಗಳಲ್ಲಿ ಒಂದು. ಆ ರೇಟಿನಲ್ಲಿ ದೊಡ್ಡಸ್ತಿಕೆಯ ಪಾಲೇ ಜಾಸ್ತಿ ಅಂತ ನನಗನ್ನಿಸುತ್ತದೆ. ಆದರೆ ರೇಟು ಬದಿಗಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಯಜಮಾನಿಕೆಗೆ ಅಲ್ಲೇ ಹತ್ತಿರ ಲಾ ತಾಶ್ ಎಂಬ ಇನ್ನೊಂದು ತೋಟ ಇದೆ. ದ್ರಾಕ್ಷಿ ಜಾತಿ ಒಂದೇ, ಪಿನೋ ನ್ವಾರ್. ಕೆಲಸದವರು ಅವರೇ, ವೈನ್ ಮಾಡುವ ಕ್ರಮವೂ ಅದೇ. ಆದರೂ ಎರಡು ವೈನ್ ಬೇರೆ, ಹೆಸರು ಬೇರೆ. ನಾವು ಅಪ್ಪೆಮಿಡಿಗೆ ಬರೀ ಮಾವಿನ ಮಿಡಿ ಅನ್ನದೆ ಅನಂತ ಭಟ್ಟನ ಅಪ್ಪೆ ಅಂತ ಮರದ ಹೆಸರು ಹಿಡಿದು ಕೇಳುತ್ತೇವಲ್ಲ, ಹಾಗೆ. ನಮ್ಮದು ಮರದ ಗುಣ, ಅವರದು ಜಾಗದ ಗುಣ.

ಜಾಗ ಏನು ಮಾಡುತ್ತದೆ? ನನಗೆ ಇದು ಗೊತ್ತಾಗಿದ್ದು ನನ್ನದೇ ತಪ್ಪಿನಿಂದ. ನಂದಿ ಬೆಟ್ಟದ ಬುಡದ ಒಂದು ವೈನ್ ತೋಟದಲ್ಲಿ ಕೆಲವು ವರ್ಷ ಕೆಲಸಕ್ಕಿದ್ದೆ. ಒಂದು ಸಲ ಡ್ರಿಪ್ ಪೈಪು ಒಡೆದು ಕೆಳಗಿನ ಐದು ಸಾಲಿಗೆ ನೀರು ಹರಿಯುತ್ತಲೇ ಇತ್ತು. ನಾಳೆ ಸರಿ ಮಾಡಿಸಿದರಾಯಿತು ಅಂತ ಮೂರು ವಾರ ಕಳೆದೆ. ಬಳ್ಳಿ ನೋಡಬೇಕಿತ್ತು, ಹಸಿರು ತುಂಬಿ ಬಲು ಚಂದ! ಹಣ್ಣು ಗೋಲಿಯಷ್ಟು ದಪ್ಪ. ನನಗೆ ಖುಷಿಯೋ ಖುಷಿ. ತೋಟದ ಹಿರಿಯ ಮೇಸ್ತ್ರಿ ಬಂದು ಆ ಸಾಲಿನದೊಂದು, ಮೇಲಿನ ಒಣ ಸಾಲಿನದೊಂದು ಹಣ್ಣು ಕಿತ್ತು ನನ್ನ ಅಂಗೈ ಮೇಲೆ ಹಿಚುಕಿದರು. ಎರಡರ ರಸವೂ ಬಿಳಿ, ನೀರಿನ ಹಾಗೆ. "ಬಣ್ಣ ಎಲ್ಲಿದೆ ಹೇಳು ಮಗಾ" ಅಂದರು. ಸಿಪ್ಪೆ ಅಗಿದು ನೋಡಿದೆ. ಸಣ್ಣ ಹಣ್ಣಿನ ಸಿಪ್ಪೆ ಅಡಿಕೆ ಚೊಗರಿನ ಹಾಗೆ ನಾಲಿಗೆ ಹಿಡಿಯಿತು, ಬೆರಳೆಲ್ಲ ನೇರಳೆ. ದಪ್ಪ ಹಣ್ಣಿನದು ಸಪ್ಪೆ.

ಕೆಂಪು ವೈನಿನ ಬಣ್ಣ ಸಿಪ್ಪೆಯದು, ಒಗರು ಸಿಪ್ಪೆ ಮತ್ತು ಬೀಜದ್ದು. ಹಣ್ಣು ಸಣ್ಣದಾದಷ್ಟೂ ರಸ ಕಡಿಮೆ, ಅದರ ಪಾಲಿಗೆ ಸಿಪ್ಪೆ ಜಾಸ್ತಿ. ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಬಳ್ಳಿಗೆ ಸ್ವಲ್ಪ ನೀರಡಿಕೆ ಆದರೆ ಚಿಗುರು ನಿಲ್ಲುತ್ತದೆ, ಶಕ್ತಿ ಹಣ್ಣಿಗೆ ಹೋಗುತ್ತದೆ. ಪೂರ್ತಿ ಬಾಡಿದರೆ ಎಲೆಯೇ ಕೆಲಸ ನಿಲ್ಲಿಸುತ್ತದೆ, ಹಣ್ಣು ಮಾಗುವುದಿಲ್ಲ. ಬೋರ್ಡೋದಲ್ಲಿ ಜೆರಾರ್ ಸೆಗಾನ್ ಎಂಬ ವಿಜ್ಞಾನಿ ಒಳ್ಳೆಯ ತೋಟಗಳ ಮಣ್ಣು ಅಗೆದು ವರ್ಷಗಟ್ಟಲೆ ನೋಡಿದ್ದೂ ಇದನ್ನೇ. ಮಣ್ಣಿನಲ್ಲಿ ಯಾವ ಸತ್ವ ಎಷ್ಟಿದೆ ಅನ್ನುವುದಕ್ಕಿಂತ ಅದು ನೀರನ್ನು ಯಾವಾಗ, ಎಷ್ಟು ಕೊಡುತ್ತದೆ ಅನ್ನುವುದು ದೊಡ್ಡದು. ಸುಣ್ಣಕಲ್ಲಿನ ಮಣ್ಣಾದರೆ ವೈನಿಗೆ ಕಲ್ಲಿನ ರುಚಿ ಬರುತ್ತದೆ ಅಂತ ಬಾಟಲಿ ಚೀಟಿಯಲ್ಲಿ ಬರೆಯುತ್ತಾರೆ. ಅದು ಸುಮ್ನೆ ಮಾತು. ಬೇರು ಕಲ್ಲು ತಿನ್ನುವುದಿಲ್ಲ. ನೀರಲ್ಲಿ ಕರಗಿದ ಪೊಟ್ಯಾಶ್, ಕ್ಯಾಲ್ಸಿಯಂ ಇಂಥವನ್ನು ಹೀರುತ್ತದೆ, ಕಲ್ಲಿನ ರುಚಿಯನ್ನಲ್ಲ.

ರೊಮಾನೆ-ಕೊಂಟಿ ಇರುವುದು ಇಳಿಜಾರಿನ ನಡುವೆ. ಗುಡ್ಡದ ನೆತ್ತಿಯಲ್ಲಿ ಮಣ್ಣು ತೀರಾ ತೆಳು. ಕೆಳಗೆ ಬಯಲಲ್ಲಿ ಮಣ್ಣು ಆಳ, ತೇವ ಜಾಸ್ತಿ. ಅಲ್ಲಿ ಬೆಳೆದದ್ದು ಸಾಧಾರಣ ವೈನ್ ಆಗುತ್ತದೆ. ನಡುವಿನ ಈ ತುಂಡಿನಲ್ಲಿ ಸುಮಾರು ಎರಡಡಿ ಕಂದು ಜೇಡಿ, ಅದರಡಿ ಬಿರುಕು ಬಿಟ್ಟ ಸುಣ್ಣಕಲ್ಲು. ಮಳೆ ನೀರು ಇಳಿದು ಹೋಗುತ್ತದೆ, ಜೇಡಿ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಮುಖ ಪೂರ್ವಕ್ಕೆ, ಬೆಳಗಿನ ಬಿಸಿಲಿಗೆ ಇಬ್ಬನಿ ಬೇಗ ಆರುತ್ತದೆ. ರಾತ್ರಿಯ ತಣ್ಣನೆ ಗಾಳಿ ಜಾರಿ ಕೆಳಗೆ ಹೋಗುತ್ತದೆ, ಹಿಮದ ಕಾಟ ಬಯಲಿನವರಿಗೇ ಜಾಸ್ತಿ.

ಇಳಿಜಾರು ಅಂದಮೇಲೆ ಮಣ್ಣು ಕೊಚ್ಚಿಹೋಗುತ್ತದೆ. ಬರ್ಗಂಡಿಯವರು ತಲೆಮಾರುಗಳಿಂದ ಕೆಳಗೆ ಬಂದ ಮಣ್ಣನ್ನು ಬುಟ್ಟಿಯಲ್ಲಿ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಹಾಕುತ್ತಿದ್ದರು. ತೋಟಕ್ಕೆ ಹೊಸ ಮಣ್ಣು ಹೊರಿಸಿದವರಿಗೆ ಆ ಸೊಂಟನೋವು ಬೇರೆ ಹೇಳಬೇಕಾಗಿಲ್ಲ. ಈಗಲೂ ರೊಮಾನೆ-ಕೊಂಟಿಯಲ್ಲಿ ಕುದುರೆ ಕಟ್ಟಿ ಉಳುತ್ತಾರೆ, ಟ್ರಾಕ್ಟರ್ ತೂಕಕ್ಕೆ ಮಣ್ಣು ಗಟ್ಟಿಯಾಗಬಾರದು ಅಂತ. ಪ್ರಕೃತಿ ಕೊಟ್ಟ ಮಣ್ಣು ಅಂತ ಬಾಯಲ್ಲಿ ಹೇಳುವುದು ಸುಲಭ. ಅರ್ಧ ಮಣ್ಣು ಮನುಷ್ಯರ ಬೆನ್ನ ಮೇಲೆ ಬಂದದ್ದು.

ನಮ್ಮಲ್ಲಿ ಆಗುತ್ತದಾ ಅಂತ ಮೊನ್ನೆ ಒಬ್ಬರು ಕೇಳಿದರು. ಕಷ್ಟ. ಬರ್ಗಂಡಿಯಲ್ಲಿ ವರ್ಷಕ್ಕೆ ಬೀಳುವುದು 700-750 ಮಿ.ಮೀ. ಮಳೆ. ನಮಗೆ ಆಷಾಢದಲ್ಲೇ ಅಷ್ಟು ಬಂದುಬಿಡಬಹುದು. ಅಡಿಕೆಗೆ ನೀರು, ಸೊಪ್ಪು ಕೊಟ್ಟಷ್ಟೂ ಬೇಕು. ದ್ರಾಕ್ಷಿ ಅದಕ್ಕೆ ತೀರಾ ಉಲ್ಟಾ.

ಹಾಗಾದರೆ ಜಿಗುಟು ಮಣ್ಣಲ್ಲಿ ಒಳ್ಳೆಯ ವೈನ್ ಆಗುವುದೇ ಇಲ್ಲವಾ? ಆಗುತ್ತದೆ. ಬೋರ್ಡೋ ಸೀಮೆಯ ಪೊಮೆರೋಲ್‌ನಲ್ಲಿ ಪೆಟ್ರುಸ್ ಅಂತ ಸುಮಾರು 28 ಎಕರೆ ತೋಟ ಇದೆ. ಸುತ್ತಲ ಬಹಳಷ್ಟು ತೋಟಗಳಲ್ಲಿ ಜಲ್ಲಿ ಮಣ್ಣು, ಇಲ್ಲಿ ಹೆಚ್ಚಾಗಿ ನೀಲಿ ಜೇಡಿ. ಕೆಂಪು ವೈನಿಗೆ ಹೆಸರುವಾಸಿ. ಮೊದಲು ಓದಿದಾಗ ನಾನು ನಂಬಲಿಲ್ಲ.

ಈಗ ಬಾಟಲಿ ನೋಡಿ. ಬೆಟ್ಟದ ಮಣ್ಣಿನ ಕೆಳಗಿನ ಲೋಟ ಆಗಲೇ ತುಂಬಿದೆ. ಎರೆಮಣ್ಣು ನಾಲ್ಕು ಹನಿ ಬಿಟ್ಟು ನಿಂತುಬಿಟ್ಟಿದೆ, ಉಳಿದ ನೀರು ಮೇಲೇ ಇದೆ. ತೇವ ತಾಗಿದ ಕೂಡಲೇ ಉಬ್ಬಿ ತನ್ನ ಬಾಗಿಲು ತಾನೇ ಹಾಕಿಕೊಂಡಿತು. ಪೆಟ್ರುಸ್‌ನ ಜೇಡಿಯೂ ಇದೇ ಜಾತಿಯದು. ಮಳೆ ಬಂದರೆ ಉಬ್ಬುತ್ತದೆ, ಮೇಲಿನ ನೀರು ಹರಿದುಹೋಗುತ್ತದೆ. ಒಳಗಿರುವುದನ್ನು ಬೇಸಿಗೆಯಲ್ಲಿ ಜಿಪುಣನ ಹಾಗೆ ಚೂರು ಚೂರೇ ಬಿಡುತ್ತದೆ. ಹಿಂದಿನ ಸಾಲಿನವರು ಮುಂದೆ ಬಂದು ನೋಡಿ. ಬಟ್ಟೆ ಮಾತ್ರ ಮುಟ್ಟಬೇಡಿ, ಗಂಟು ಸಡಿಲ ಇದೆ.